ಅಕ್ಕನ ಹೂ, ಹುದಿಕೇರಿ ಹೂ

ಈ ಬರಹದ ಕೆಲವು ವಿವರಗಳು ತಪ್ಪಿರಬಹುದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೂವಿಟ್ಟಿದ್ದು ಹಿತ್ತಾಳೆಯ ಚೊಂಬಿನಲ್ಲೋ ಗಾಜಿನ ಬಾಟಲಿಯಲ್ಲೋ ನನಗೆ ಖಾತ್ರಿಯಿಲ್ಲ. ಮೇಜಿನ ಮೇಲೆ ನೀಲಿ ಅಂಚಿನ ಬಟ್ಟೆ ಹಾಸಿತ್ತು ಎಂದು ಬಹಳ ಕಾಲ ನಂಬಿದ್ದೆ. ಒಂದು ದಿನ ಹಳೆಯ ಪೆಟ್ಟಿಗೆ ತೆಗೆದಾಗ ಆ ಬಟ್ಟೆ ಸಿಕ್ಕಿತು. ಅದು ಮೈಸೂರಿನ ಹಾಸ್ಟೆಲಿನಲ್ಲಿ ನಾನೇ ಕೊಂಡದ್ದು. ಅಮ್ಮ ಅದನ್ನು ನೋಡಿರಲು ಸಾಧ್ಯವೇ ಇಲ್ಲ. ನನ್ನ ನೆನಪು ಹೀಗೆ ಒಂದು ಮನೆಯ ಸಾಮಾನನ್ನು ಇನ್ನೊಂದು ಮನೆಗೆ ಸಾಗಿಸಿಬಿಡುತ್ತದೆ.

ಬಟ್ಟೆ, ಬಾಟಲಿ ಎಲ್ಲ ತೆಗೆದುಹಾಕಿದ ಮೇಲೆ ಉಳಿಯುವುದು ಇಷ್ಟು. ದಕ್ಷಿಣ ಕೊಡಗಿನ ಹುದಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನ ರೈಟರ್ ಕ್ವಾರ್ಟರ್ಸು. ಅಪ್ಪ ಅಲ್ಲಿ ರೈಟರು, ಅಂದರೆ ಆಳುಗಳ ಹಾಜರಿ, ಪಿಕಿಂಗ್ ಲೆಕ್ಕ ನೋಡುವವರು. ನಾನು ಮೇಜಿನ ಎತ್ತರಕ್ಕಿದ್ದೇನೆ. ಮೇಜಿನ ಮೇಲೆ ನೀರಿನಲ್ಲಿ ಉದ್ದ ಕಡ್ಡಿಯ ಹೂಗಳು. ಒಂದೊಂದು ಕಡ್ಡಿಗೂ ಸುತ್ತ ಸಣ್ಣ ಸಣ್ಣ ಹೂ, ಬಾಯಿ ತೆರೆದ ಗಂಟೆಗಳ ಹಾಗೆ, ಬಿಳಿ ಬಣ್ಣ. ಕೆಲವು ಗೋಡೆಯ ಕಡೆ ಮುಖ ಮಾಡಿವೆ. ಅಮ್ಮ ತೋರುಬೆರಳಿನ ತುದಿಯಿಂದ ಅವನ್ನು ಒಂದೊಂದಾಗಿ ಬಾಗಿಲ ಕಡೆಗೆ ತಿರುಗಿಸುತ್ತಿದ್ದಾಳೆ. ಹೂ ತಿರುಗಿಸಿದಲ್ಲೇ ನಿಲ್ಲುತ್ತದೆ. ಗಾಜಿನ ಬಳೆಗಳು ಮೇಜಿಗೆ ತಾಗಿ ಸದ್ದಾಗುತ್ತಿದೆ. "ಬಂದೋರಿಗೆ ಬೆನ್ನು ತೋರಿಸ್ಬಾರ್ದು" ಎಂಬ ಮಾತು ಕೇಳುತ್ತದೆ. ಹೇಳಿದ್ದು ಹೂವಿಗೋ ನನಗೋ ತಿಳಿಯದು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ಕಾಯಿಲೆ ಬಿದ್ದು ತೀರಿಕೊಂಡಳು. ಅವಳ ಬಗ್ಗೆ ನನಗೆ ಗೊತ್ತಿರುವ ಮಿಕ್ಕದ್ದೆಲ್ಲ ಯಾರೋ ಹೇಳಿದ್ದು, ಇಲ್ಲವೇ ಫೋಟೋದಲ್ಲಿ ಕಂಡದ್ದು. ಅವಳು ಚೆನ್ನಾಗಿ ರೊಟ್ಟಿ ತಟ್ಟುತ್ತಿದ್ದಳು, ಜೋರಾಗಿ ನಗುತ್ತಿದ್ದಳು, ಬಸ್ಸಿನಲ್ಲಿ ಕೂತರೆ ವಾಂತಿ ಬರುತ್ತಿತ್ತು, ಇವೆಲ್ಲ ಕೇಳಿ ತಿಳಿದವು. ಯಾರೂ ಹೇಳದೆ ನನ್ನ ಬಳಿ ಇರುವುದು ಈ ಹೂ ತಿರುಗಿಸುವುದೊಂದೇ.

ಇದು ನಿಜವೋ ಕಟ್ಟಿಕೊಂಡದ್ದೋ ಎಂಬ ಅನುಮಾನ ಹಾಸ್ಟೆಲಿನಲ್ಲಿ ಶುರುವಾಯಿತು. ರೂಮಿನ ಗೆಳತಿಗೆ ಹೇಳಿದಾಗ ಅವಳು ನಕ್ಕಳು. "ಹೂ ಏನು ಫ್ಯಾನಾ, ತಿರುಗಿಸಿದ ಕಡೆ ನಿಲ್ಲೋಕೆ? ಬಿಟ್ಟ ತಕ್ಷಣ ವಾಪಸ್ ಬರುತ್ತೆ ಕಣೇ." ನಾನು ಕ್ಯಾಂಪಸ್ಸಿನ ತೋಟದಲ್ಲಿ ಯಾರೂ ಇಲ್ಲದಾಗ ದಾಸವಾಳ, ಗುಲಾಬಿ, ಗ್ಲಾಡಿಯೋಲಸ್ ಎಲ್ಲ ತಿರುಗಿಸಿ ನೋಡಿದೆ. ಅವಳು ಹೇಳಿದ್ದು ಸರಿ. ಕೆಲವು ವಾಪಸ್ ಬಂದವು, ಕೆಲವು ಮುರಿದವು. ನಾನು ಓದುತ್ತಿದ್ದದ್ದು ಇತಿಹಾಸ. ಒಬ್ಬಳೇ ಸಾಕ್ಷಿ, ಅದೂ ಚಿಕ್ಕ ಮಗು, ಬೇರೆ ಯಾವ ಆಧಾರವೂ ಇಲ್ಲ. ಬೇರೆಯವರ ವಿಷಯದಲ್ಲಾದರೆ ಇಂಥದ್ದನ್ನು ನಾನು ಒಪ್ಪುತ್ತಿರಲಿಲ್ಲ. ಅಪ್ಪನನ್ನು ಒಮ್ಮೆ ಕೇಳಿದ್ದೆ. "ರೈಟರಿಗೆ ಹೂ ನೋಡಕ್ಕೆ ಪುರುಸೊತ್ತೆಲ್ಲಿತ್ತು ಮಗಾ" ಅಂದರು. ಈಗ ಅವರೂ ಇಲ್ಲ.

ಕೇಳಬಹುದಾಗಿದ್ದ ಇನ್ನೊಬ್ಬಳೆಂದರೆ ಚಿಕ್ಕಮ್ಮ, ಅಮ್ಮನ ತಂಗಿ. ಆ ಕಾಲದಲ್ಲಿ ಅವಳು ನಮ್ಮ ಜೊತೆಯೇ ಇದ್ದಳು. ಪೊನ್ನಂಪೇಟೆಗೆ ಹೋಗಿ ಹೊಲಿಗೆ ಕಲಿತು ಬರುತ್ತಿದ್ದಳು. ಮದುವೆಯಾಗಿ ಕುಶಾಲನಗರಕ್ಕೆ ಹೋದ ಮೇಲೆ, ಅಮ್ಮ ತೀರಿಕೊಂಡ ವರ್ಷ, ನನ್ನನ್ನು ತನ್ನ ಮನೆಗೆ ಕರೆದುಕೊಂಡಳು. ನನ್ನ ಜಡೆ ಹಾಕಿದ್ದು, ಹೈಸ್ಕೂಲಿಗೆ ಕಳಿಸಿದ್ದು, ಮೈಸೂರಿಗೆ ಓದಲು ಹೋಗುತ್ತೇನೆ ಅಂದಾಗ ಚಿಕ್ಕಪ್ಪನನ್ನು ಒಪ್ಪಿಸಿದ್ದು ಅವಳೇ. ಅವಳನ್ನು ಏನು ಬೇಕಾದರೂ ಕೇಳಬಹುದಿತ್ತು. ಇದನ್ನು ಮಾತ್ರ ಕೇಳಲಿಲ್ಲ. "ಅಂಥದ್ದೇನೂ ಇರ್ಲಿಲ್ಲ ಕಣೇ" ಎಂದು ಅವಳು ಸಹಜವಾಗಿ ಹೇಳಿಬಿಟ್ಟರೆ ನನ್ನ ಬಳಿ ಅಮ್ಮ ಎನ್ನುವುದು ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಹೂವನ್ನೇ ಹುಡುಕುವುದು ಕ್ಷೇಮ ಅನ್ನಿಸಿತು. ತಿರುಗಿಸಿದಲ್ಲೇ ನಿಲ್ಲುವ ಹೂವೊಂದು ಲೋಕದಲ್ಲಿ ಇರುವುದಾದರೆ ನನ್ನ ನೆನಪೂ ನಿಜವಿರಬೇಕು.

ಹುಡುಕುವುದು ಅಷ್ಟು ಸುಲಭವಿರಲಿಲ್ಲ, ಏಕೆಂದರೆ ಅಂಥ ಹೂಗಳಿಗೆ ನಮ್ಮಲ್ಲಿ ಹೆಸರಿಲ್ಲ. ದೇವರಿಗೆ ಏರುವ ಹೂ, ಮುಡಿಗೆ ಏರುವ ಹೂ, ಎರಡಕ್ಕೂ ಹೆಸರುಗಳಿವೆ. ಅವನ್ನು ತೊಟ್ಟು ಬಿಟ್ಟು ಬಿಡಿಸುತ್ತೇವೆ. ಉದ್ದ ಕಡ್ಡಿ ಸಮೇತ ಕತ್ತರಿಸಿ ನೀರಿನಲ್ಲಿಡುವ ಹೂ ಬೇರೆ ಜಾತಿ. ನಮ್ಮ ಅಜ್ಜಿ ಅವನ್ನು "ಟೇಬಲ್ ಹೂ" ಅನ್ನುತ್ತಿದ್ದರು, ಸ್ವಲ್ಪ ತಾತ್ಸಾರದಿಂದಲೇ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿದ ಮನೆ ಅದು. ದೇವರಿಗೂ ಬೇಡದ, ದನಕ್ಕೂ ಬೇಡದ ಗಿಡಕ್ಕೆ ನೀರು ಹಾಕುವುದು ಅವರಿಗೆ ಅರ್ಥವಾಗುತ್ತಿರಲಿಲ್ಲ. ಅಮ್ಮ, ಚಿಕ್ಕಮ್ಮ ಇಬ್ಬರೂ ಆ ಚಟ ಹತ್ತಿಸಿಕೊಂಡದ್ದು ದಕ್ಷಿಣ ಕೊಡಗಿನ ಎಸ್ಟೇಟುಗಳಲ್ಲಿ.

ಕೊಡಗಿನ ಹೆಂಗಸರು ಒಬ್ಬರ ಮನೆಗೆ ಹೋದರೆ ಗಿಡ ಇಸಕೊಳ್ಳದೆ ಬರುವುದು ಕಡಿಮೆ. ಒಂದು ತುಂಡು ಗೆಡ್ಡೆ, ಒಂದು ಹಂಬು, ಒದ್ದೆ ಕಾಗದದಲ್ಲಿ ಸುತ್ತಿದ ಬೇರು. ಅದಕ್ಕೆ ಯಾರೂ ಥ್ಯಾಂಕ್ಸ್ ಅನ್ನುವುದಿಲ್ಲ, ಹೆಸರನ್ನೂ ಕೇಳುವುದಿಲ್ಲ. ತಂದು ನೆಟ್ಟು, ಕೊಟ್ಟವರ ಹೆಸರನ್ನೇ ಗಿಡಕ್ಕೆ ಇಡುತ್ತಾರೆ. ಚಿಕ್ಕಮ್ಮನ ಹಿತ್ತಲಿನಲ್ಲಿ "ಡಾಕ್ಟರ್ ಮನೇದು" ಇತ್ತು, "ಟೀಚರ್ ಡೇಲಿಯಾ" ಇತ್ತು, "ಬಸ್ಸಿಂದು" ಎಂಬುದೂ ಇತ್ತು. ಮಡಿಕೇರಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಯಾರೋ ಹೆಂಗಸು ತನ್ನ ಚೀಲದಿಂದ ಮುರಿದು ಕೊಟ್ಟದ್ದಂತೆ. ಆ ಹೆಂಗಸಿನ ಮುಖ ಮರೆತಿದೆ. ಹೂ ಪ್ರತಿ ವರ್ಷ ಬರುತ್ತದೆ.

ಕಾಲೇಜಿನಲ್ಲಿ ಕೆಲಸ ಸಿಕ್ಕಿ ಮಡಿಕೇರಿಯಲ್ಲಿ ಬಾಡಿಗೆ ಮನೆ ಮಾಡಿದಾಗ ಚಿಕ್ಕಮ್ಮನಲ್ಲಿ ಕೇಳಿದೆ, "ಅಮ್ಮ ಬೆಳೆಸ್ತಿದ್ದ ಹೂ ಏನಾದ್ರೂ ಉಳ್ಕೊಂಡಿದ್ಯಾ?"

"ಅಕ್ಕನ್ ಹೂವಾ? ಇಲ್ದೇ ಏನು!" ಎಂದು ಒಂದು ಬುಡವನ್ನು ಅಗೆದು ಗೋಣಿಚೀಲದಲ್ಲಿ ಹಾಕಿ ಕೊಟ್ಟಳು.

ನಾನು ಅದನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಮಡಿಕೇರಿಯ ಮಂಜು ಅದಕ್ಕೆ ಒಗ್ಗಿತು. ಮಳೆ ಕಡಿಮೆಯಾಗುವ ಹೊತ್ತಿಗೆ ಹೂ ಬಂತು. ಹಳದಿ. ಕುಂಚದಂಥ ತೆನೆ, ಹೂವಿನಂಗಡಿಯವರು ಬೊಕೆ ತುಂಬಲು ಬಳಸುವ ಗೋಲ್ಡನ್ ರಾಡ್. ತಿರುಗಿಸಲು ಅದರಲ್ಲಿ ಏನೂ ಇರಲಿಲ್ಲ. ಬೆರಳಿಟ್ಟರೆ ಹಳದಿ ಪುಡಿ ಉದುರಿತು ಅಷ್ಟೆ.

ಅವತ್ತಿನ ಡೈರಿಯಲ್ಲಿ "ಹಾಗಾದರೆ ಅದು ಕನಸು" ಎಂದು ಬರೆದಿದ್ದೇನೆ. ಆದರೂ ಅಮ್ಮನ ತಿಥಿಯ ದಿನ ಪ್ರತಿ ವರ್ಷ ಅದನ್ನೇ ಕತ್ತರಿಸಿ ಫೋಟೋದ ಮುಂದೆ ಇಡುತ್ತಿದ್ದೆ. ಅಮ್ಮ ನೆಟ್ಟಿದ್ದ ಗಿಡ ಎನ್ನುವುದಾದರೂ ನಿಜವಲ್ಲವೇ? ಹಾಗೆ ಹಲವು ವರ್ಷ ಕಳೆದವು. ಒಂದು ಸಲ ಚಿಕ್ಕಮ್ಮ ಮಡಿಕೇರಿಗೆ ಬಂದವಳು ಫೋಟೋದ ಮುಂದಿನ ಹಳದಿ ತೆನೆ ನೋಡಿ, "ಇದನ್ನ್ಯಾಕೆ ಇಟ್ಟಿದ್ದೀಯಾ? ಅಕ್ಕಂಗೆ ಇದನ್ನ ಕಂಡ್ರೆ ಅಷ್ಟಕ್ಕಷ್ಟೆ. ಮೇಜೆಲ್ಲಾ ಪುಡಿ ಉದುರುತ್ತೆ ಅಂತ ಬಯ್ಯೋಳು" ಅಂದಳು.

"ನೀನೇ ಅಲ್ವಾ ಅಕ್ಕನ ಹೂ ಅಂತ ಕೊಟ್ಟಿದ್ದು?"

"ಹೂಂ. ಅಕ್ಕ ಕೊಟ್ಟಿದ್ದೇ."

"ಹಾಗಾದ್ರೆ ಅಕ್ಕನ ಹೂ ಅಂದ್ರೆ ಯಾವುದು?"

ಚಿಕ್ಕಮ್ಮ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. "ಅಕ್ಕ ಕೊಟ್ಟಿದ್ದೆಲ್ಲಾ ಅಕ್ಕನ್ ಹೂವೇ ಕಣೇ. ಅವಳೇನು ಒಂದು ಕೊಟ್ಟಿದ್ಲಾ? ನನ್ ಮದ್ವೆ ಆದಾಗ ಸೀರೆಗಿಂತ ಜಾಸ್ತಿ ಬೇರು ಕಟ್ಟಿ ಕಳ್ಸಿದ್ಲು. ನಿಮ್ ಚಿಕ್ಕಪ್ಪನ ಕಡೆಯೋರು ಗೆಣಸು ಅನ್ಕೊಂಡಿದ್ರು!"

ಇಬ್ಬರೂ ನಕ್ಕೆವು. ಆದರೆ ನನ್ನ ನಗು ಬೇರೆಯದಾಗಿತ್ತು. ನಾನು ಇಷ್ಟು ವರ್ಷ ಒಂದೇ ಗಿಡವನ್ನು ನೋಡಿ ಅಮ್ಮನ ನೆನಪನ್ನು ಸುಳ್ಳು ಅಂದುಕೊಂಡಿದ್ದೆ. ಚಿಕ್ಕಮ್ಮನ ಹಿತ್ತಲಿನಲ್ಲಿ, ನಾನು ಅಲ್ಲೇ ಬೆಳೆದೂ ತಿರುಗಿಸಿ ನೋಡದ, ಇನ್ನೂ ಎಷ್ಟೋ ಅಕ್ಕನ ಹೂಗಳಿದ್ದವು.

ಆ ಹಿತ್ತಲನ್ನು ಕೂಡಲೇ ಹೋಗಿ ನೋಡಬೇಕಿತ್ತು. ಹೋಗಲಿಲ್ಲ. ಆಮೇಲೆ ಹೋದಾಗಲೂ ಹೂವಿಲ್ಲದ ಕಾಲಕ್ಕೇ ಹೋದೆ. ಕಾಲೇಜು, ಪರೀಕ್ಷೆ, ಪೇಪರ್ ತಿದ್ದುವುದು. ನಿಜ ಹೇಳಬೇಕೆಂದರೆ ಒಂದು ಅಳುಕೂ ಇತ್ತು. ಎಲ್ಲವನ್ನೂ ನೋಡಿ ಮುಗಿಸಿ, ಯಾವುದೂ ಅಲ್ಲ ಎಂದಾದರೆ?

ಕಳೆದ ಬೇಸಿಗೆಯಲ್ಲಿ ಅವಳೇ ಫೋನು ಮಾಡಿದಳು. "ಹಿತ್ಲಿಗೆ ಇಂಟರ್‌ಲಾಕ್ ಕಲ್ಲು ಹಾಕಿಸ್ತಿದ್ದಾರೆ ನಿಮ್ ಚಿಕ್ಕಪ್ಪ. ಕಾರು ನಿಲ್ಸಕ್ಕೆ ಜಾಗ ಬೇಕಂತೆ. ಬೇಕಾದ್ದು ಬಂದು ತಗೊಂಡ್ಹೋಗು. ಮಳೆ ಹಿಡಿಯೋ ಮುಂಚೆ ಕೆಲ್ಸದೋರು ಬರ್ತಾರೆ."

ಮೇ ತಿಂಗಳ ಕುಶಾಲನಗರ, ಮಣ್ಣು ಕಾದು ಸಿಡಿಯುತ್ತಿತ್ತು. ಪಾತಿಯಲ್ಲಿ ಒಂದೇ ಒಂದು ಹೂವಿರಲಿಲ್ಲ. ಈ ಗಿಡಗಳ ಗುಣವೇ ಹಾಗೆ. ಬೇಸಿಗೆಯಲ್ಲಿ ಮೇಲಿನದು ಬಹುಪಾಲು ಒಣಗಿ, ಬೇರೋ ಗೆಡ್ಡೆಯೋ ನೆಲದೊಳಗೆ ಮಲಗಿರುತ್ತವೆ, ಮಳೆ ಬಿದ್ದ ಮೇಲೆ ಏಳುತ್ತವೆ. ಹೂವಿದ್ದಾಗ ಯಾರು ಬೇಕಾದರೂ ಗುರುತಿಸಬಹುದು. ಬರೀ ಬೇರನ್ನು ಹಿಡಿದುಕೊಂಡು ಇದು ಯಾರು ಎಂದು ಹೇಳುವುದು ಹೇಗೆ? ಚಿಕ್ಕಮ್ಮ ಬೆತ್ತದ ಕುರ್ಚಿ ಹಾಕಿಕೊಂಡು ಸಪೋಟ ಮರದ ನೆರಳಿಗೆ ಕೂತಳು. ನಾನು ಹಾರೆಯಲ್ಲಿ ಮೀಟಿ ಒಂದೊಂದನ್ನೇ ಎತ್ತಿ ತೋರಿಸಿದೆ.

"ಇದು?"

"ಟೀಚರ್ ಡೇಲಿಯಾ. ಗೆಡ್ಡೆ ನೋಡಿದ್ರೆ ಗೊತ್ತಾಗಲ್ವಾ?"

"ಇದು?"

"ಬಸ್ಸಿಂದಿರ್ಬೇಕು. ಅಲ್ಲ, ಡಾಕ್ಟ್ರುದೋ ಏನೋ. ಬಿಡು, ಎರಡನ್ನೂ ಹಾಕ್ಕೋ."

ಹೀಗೇ ನಡೆಯಿತು. ಅವಳಿಗೂ ಖಚಿತವಿಲ್ಲದ್ದು ಬಹಳ ಇದ್ದವು. ನಾನು ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್ ಹಾಕಿಕೊಂಡಿದ್ದೆ. ಅದು ಒಂದೇ ಎಲೆಗೆ ಒಂದು ಕಡೆಯಿಂದ ಒಂದು ಹೆಸರು, ಇನ್ನೊಂದು ಕಡೆಯಿಂದ ಇನ್ನೊಂದು ಹೆಸರು ಹೇಳುತ್ತಿತ್ತು. ಸಪೋಟದ ಬುಡದಲ್ಲಿ, ನೆರಳಿನಲ್ಲಿ, ಸೊರಗಿದ ಒಂದಿಷ್ಟು ಕಡ್ಡಿಗಳಿದ್ದವು. ಮೀಟಿದಾಗ ಬಿಳಿಯ ಹಂಬುಗಳು ಮಣ್ಣಿನೊಳಗೆ ಬಹಳ ದೂರ ಹರಿದಿದ್ದು ಕಂಡಿತು. ಕಡ್ಡಿಯನ್ನು ಬೆರಳುಗಳ ನಡುವೆ ಉರುಳಿಸಿದೆ. ಅದು ದುಂಡಗಿರಲಿಲ್ಲ, ನಾಲ್ಕು ಮೂಲೆಯಿತ್ತು. ಆ್ಯಪ್ ಪುದೀನ ಎಂದಿತು.

"ಪುದೀನ ಅಂತೆ ಚಿಕ್ಕಮ್ಮ."

"ಹಾಗಾದ್ರೆ ಮಧ್ಯಾಹ್ನಕ್ಕೆ ಚಟ್ನಿ ಅರಿ, ನೋಡಣ" ಎಂದು ನಕ್ಕಳು. ಆಮೇಲೆ ಕೈ ಚಾಚಿ ಕಡ್ಡಿಯನ್ನು ಇಸಕೊಂಡು ಮೂಸಿದಳು. "ಪುದೀನ ಅಲ್ಲ, ವಾಸ್ನೆನೇ ಇಲ್ಲ. ಇದು ಹೂ ಬಿಟ್ಟು ಎಷ್ಟು ಕಾಲ ಆಯ್ತೋ! ಸಪೋಟ ಎದ್ದ ಮೇಲೆ ಬಿಸ್ಲು ಸಿಗ್ಲಿಲ್ಲ ಪಾಪ. ಇದೂ ಅಕ್ಕಂದೇ. ಅಕ್ಕ ಇದನ್ನ ಹುದಿಕೇರಿ ಹೂ ಅಂತಿದ್ಲು."

"ಯಾವ ಬಣ್ಣ?"

ಚಿಕ್ಕಮ್ಮ ಕಡ್ಡಿಯನ್ನು ವಾಪಸ್ ಕೊಟ್ಟಳು. "ಬಣ್ಣ ನೆನಪಿಲ್ಲ ಕಣೇ."

ಅಷ್ಟು ಹತ್ತಿರ ಬಂದಿದ್ದೆ. ತಿರುಗಿಸಿದಲ್ಲೇ ನಿಲ್ಲುತ್ತದಾ ಎಂದು ಇನ್ನೊಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಹಂಬುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬೇರೆ ಚೀಲದಲ್ಲಿ ಇಟ್ಟೆ. ಅಮ್ಮ ಅದನ್ನು ಹುದಿಕೇರಿ ಹೂ ಎಂದು ಕರೆದಿದ್ದರೆ, ಹುದಿಕೇರಿಯಲ್ಲಿ ಅವಳಿಗೆ ಅದನ್ನು ಯಾರೋ ಕೊಟ್ಟಿರಬೇಕು. ನಮ್ಮ ಕ್ವಾರ್ಟರ್ಸಿನ ಬೇಲಿಯಾಚೆ ಒಂದೇ ಮನೆ ಇದ್ದದ್ದು, ಒಂದು ಕೊಡವ ಕುಟುಂಬದ್ದು. ಆ ಮನೆಯ ಆಂಟಿ ಅಮ್ಮನ ಗೆಳತಿ. ಅವರು ಈಗಲೂ ಅಲ್ಲೇ ಇದ್ದಾರೆ ಎಂದು ಚಿಕ್ಕಮ್ಮನೇ ಹೇಳಿದಳು, ಯಾರದೋ ಮದುವೆಯಲ್ಲಿ ಸಿಕ್ಕಿದ್ದರಂತೆ.

ಮಡಿಕೇರಿಯಲ್ಲಿ ನಾನು ನೆಟ್ಟ ಹಂಬು ಆ ಮಳೆಗೆ ಚಿಗುರಿತು, ಆದರೆ ಹೂ ಬಿಡುವಷ್ಟು ಬೆಳೆಯಲಿಲ್ಲ. ಸೆಪ್ಟೆಂಬರಿನ ಕೈಲ್ ಮುಹೂರ್ತದ ಹಬ್ಬ ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ಒಂದು ಭಾನುವಾರ ಗೋಣಿಕೊಪ್ಪದಲ್ಲಿ ಬಸ್ಸು ಬದಲಿಸಿ ಹುದಿಕೇರಿಗೆ ಹೋದೆ. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಒಂದು ಚಿಗುರು.

ಕ್ವಾರ್ಟರ್ಸು ಇರಲಿಲ್ಲ. ಆ ಜಾಗದಲ್ಲಿ ಹೋಮ್‌ಸ್ಟೇ ಬಂದಿದೆ, ಬಾಗಿಲಲ್ಲಿ ಬಿದಿರಿನ ಬೋರ್ಡು. ಬೇಲಿಯಾಚೆಯ ಮನೆ ಮಾತ್ರ ಹಾಗೇ ಇತ್ತು. ಹಾಗೇ ಎಂದು ಬರೆಯುತ್ತಿದ್ದೇನೆ, ಆದರೆ ಮೊದಲು ಹೇಗಿತ್ತು ಎಂಬುದು ನನಗೇನು ಗೊತ್ತು? ಮೆಟ್ಟಿಲ ಎರಡೂ ಕಡೆ ಆಂಥೂರಿಯಂ ಕುಂಡಗಳು, ವರಾಂಡದಲ್ಲಿ ಕೋವಿ ನೇತುಹಾಕುವ ಗೂಟ, ನಾಯಿ. ಆಂಟಿ ನಾಯಿಯನ್ನು ಗದರಿಸುತ್ತಾ ಹೊರಬಂದರು. ಬೆಳ್ಳಗಾಗಿದ್ದ ಕೂದಲು ಚಿಕ್ಕದಾಗಿ ಕತ್ತರಿಸಿತ್ತು. ಕಾಲಿಗೆ ಗಂಬೂಟ್.

"ಯಾರು? ರೂಮಿಗಾ? ರೂಮು ಆಚೆ ಮನೆಯಲ್ಲಿ."

"ಅಲ್ಲ ಆಂಟಿ. ನಾನು ಇಲ್ಲಿ ಕ್ವಾರ್ಟರ್ಸಲ್ಲಿದ್ದ ರೈಟರ್ ಮಗಳು."

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅಯ್ಯೋ ಕುಂಞಿ! ಚಡ್ಡಿ ಇಲ್ದೆ ಓಡ್ತಿದ್ದದ್ದು ನೀನೇ ಅಲ್ವಾ? ಈಗ ಕಾಲೇಜಲ್ಲಿ ಪಾಠ ಮಾಡೋದಂತೆ. ಬಾ, ಒಳಗೆ ಬಾ, ಕಾಫಿ ಕುಡಿ. ಬೆಲ್ಲದ್ದು ಆಗ್ತದಾ?"

ಆಗುತ್ತದೆ ಅಂದೆ. ಅವರಿಗೆ ನಾನು ಇನ್ನೂ ಕುಂಞಿ, ಮಗು. ಕಾಫಿ ಬರುವವರೆಗೂ ಕಾಯಲಾಗದೆ ಡಬ್ಬಿ ತೆರೆದು ಚಿಗುರನ್ನು ತೋರಿಸಿದೆ. ಆಂಟಿ ಅದನ್ನು ಮುಟ್ಟಿಯೂ ನೋಡಲಿಲ್ಲ.

"ಇದಾ? ಇದು ರೈಟರ್ ಮನೆ ಹೂ."

ನನಗೆ ಅರ್ಥವಾಗಲಿಲ್ಲ. "ಯಾವ ರೈಟರ್ ಮನೆ?"

"ಎಂಥ ಯಾವ ರೈಟರು! ನಿಮ್ಮ ಮನೆ. ನಿಮ್ಮಮ್ಮ ಕೊಟ್ಟದ್ದು ಇದು ನಂಗೆ. ಹಿಂದೆ ಉಂಟು, ರಾಶಿ ಉಂಟು, ಈಗ ಹೂವೇ ಉಂಟು."

"ಆದ್ರೆ ಆಂಟಿ, ಅಮ್ಮ ಇದನ್ನ ಹುದಿಕೇರಿ ಹೂ ಅಂತಿದ್ರಂತೆ. ಇಲ್ಲಿ ನೀವೇ ಕೊಟ್ಟದ್ದು ಅಂತ ನಾನು..."

"ನಾನು ಕೊಟ್ಟದ್ದಾ?" ಆಂಟಿ ಜೋರಾಗಿ ನಕ್ಕರು. "ನಾನು ಎಲ್ಲಿಂದ ಕೊಡ್ಲಿ? ನನ್ನ ಹತ್ರ ಇರ್ಲೇ ಇಲ್ಲ. ನಿಮ್ಮಮ್ಮ ಬರೋ ಮೊದ್ಲು ಇಲ್ಲಿ ಬರೀ ಡೇಲಿಯಾ, ಗುಲಾಬಿ. ಕಡ್ಡಿ ಹೂ ಎಲ್ಲ ಅವಳಿಂದ್ಲೇ ಬಂದದ್ದು." ಆಮೇಲೆ, "ಅಥ್ವಾ ನಂಗೆ ಮರ್ತದ್ದೋ? ಅವಳು ಹೇಳಿದ್ರೆ ಸರಿ ಇರ್ಬಹುದು" ಅಂದರು.

ಹೀಗೆ ಒಂದೇ ಹೂವಿಗೆ ಬೇಲಿಯ ಈಚೆ ಒಂದು ಹೆಸರು, ಆಚೆ ಒಂದು ಹೆಸರು. ಇಬ್ಬರು ಗೆಳತಿಯರೂ ಇನ್ನೊಬ್ಬಳೇ ಕೊಟ್ಟದ್ದು ಎಂದುಕೊಂಡು ಜೀವನಪೂರ್ತಿ ಆ ಹೂವನ್ನು ಪರಸ್ಪರರ ಹೆಸರಿನಲ್ಲಿ ಕರೆದಿದ್ದಾರೆ. ಯಾರು ಕೊಟ್ಟರು ಎಂದು ಇತಿಹಾಸದ ಪಾಠದ ಪ್ರಕಾರ ತೀರ್ಮಾನಿಸಲು ನನಗೆ ಆಗಲಿಲ್ಲ, ಆಗಬೇಕೆಂದೂ ಅನ್ನಿಸಲಿಲ್ಲ. ಬಹುಶಃ ಒಮ್ಮೆ ಅತ್ತ ಹೋಗಿ, ಇತ್ತ ಸತ್ತು, ಮತ್ತೆ ಅತ್ತಲಿಂದ ಬಂದಿರಬಹುದು. ಬೇಲಿ ದಾಟುವ ಹಂಬು ಅದು, ತಾನೇ ದಾಟಿದ್ದರೂ ದಾಟಿರಬಹುದು.

ಮನೆಯ ಹಿಂದೆ, ಕಾಫಿ ಒಣಗಿಸುವ ಕಣದ ಅಂಚಿಗೆ ಆ ಹೂಗಳಿದ್ದವು. ನನ್ನ ಎದೆಯವರೆಗಿನ ಎತ್ತರದ ಕಡ್ಡಿಗಳು, ನಾಲ್ಕು ಸಾಲಿನಲ್ಲಿ ಜೋಡಿಸಿದಂತೆ ಗಂಟೆಯಂಥ ಹೂಗಳು. ಬಿಳಿಯಲ್ಲ, ತಿಳಿ ಗುಲಾಬಿ. ಮಳೆಹನಿ ಇನ್ನೂ ನಿಂತಿತ್ತು. ಆಂಟಿ ಕತ್ತಿ ತರಲು ಒಳಗೆ ಹೋದರು. ನಾನು ಒಬ್ಬಳೇ ಇದ್ದೆ.

ಕೈ ಚಾಚುವ ಮುಂಚೆ ಸ್ವಲ್ಪ ಹೊತ್ತು ನಿಂತಿದ್ದೆ. ಒಂದು ಹೂವಿನ ಮೇಲೆ ಬೆರಳಿಟ್ಟು ಎಡಕ್ಕೆ ಮೆಲ್ಲಗೆ ದೂಡಿದೆ. ಅದು ತಿರುಗಿತು. ಬೆರಳು ತೆಗೆದೆ. ಹೂ ಅಲ್ಲೇ ನಿಂತಿತು. ಇನ್ನೊಂದನ್ನು ದೂಡಿದೆ. ಅದೂ ನಿಂತಿತು. ಬಲಕ್ಕೆ ದೂಡಿದೆ, ಬಲಕ್ಕೇ ಮುಖ ಮಾಡಿಕೊಂಡಿತು. ಆಂಟಿ ಬರುವ ಹೊತ್ತಿಗೆ ನಾನು ಒಂದು ಕಡ್ಡಿಯ ಹೂಗಳನ್ನೆಲ್ಲ ಮನೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದೆ, ಕಣ್ಣೊರೆಸಿಕೊಳ್ಳುತ್ತಿದ್ದೆ.

"ಎಂಥ ಆಯ್ತು ಕುಂಞಿ? ಜಿಗಣೆಯಾ?"

"ಇಲ್ಲ ಆಂಟಿ. ಇದು ತಿರುಗಿಸಿದ ಕಡೆ ನಿಲ್ಲುತ್ತೆ."

"ಹೌದಾ? ನಾನು ನೋಡ್ಲೇ ಇಲ್ಲ." ಅವರೂ ಒಂದನ್ನು ತಿರುಗಿಸಿ ನೋಡಿದರು. ಇನ್ನೊಂದನ್ನು ತಿರುಗಿಸಿದರು. "ಇಷ್ಟು ವರ್ಷ ಇಟ್ಕೊಂಡು ನಂಗೆ ಗೊತ್ತೇ ಇಲ್ವಲ್ಲ! ಹೇಳಿದ್ದು ಕೇಳೋ ಒಳ್ಳೆ ಪಾಪದ ಹೂ."

ಬಿಳಿಯದು ಇತ್ತೇ ಎಂದು ಕೇಳಿದೆ. "ಬಿಳಿಯಾ? ಇರ್ಬಹುದು. ಇಲ್ದೆನೂ ಇರ್ಬಹುದು" ಅಂದರು. ಆ ಉತ್ತರ ನನಗೆ ಬಹಳ ಹಿಡಿಸಿತು. ನಾನು ಕೂಡ ಹಾಗೆಯೇ ಬರೆದುಕೊಂಡೆ.

ಅವರು ಒಂದು ಕಟ್ಟು ಹೂ ಕೊಯ್ದು, ಕಡ್ಡಿಯ ತುದಿಗೆ ಒದ್ದೆ ಬಟ್ಟೆ ಸುತ್ತಿ, ಜೊತೆಗೆ ಅಡುಗೆಯ ಹುಳಿಗೆ ಒಂದು ಬಾಟಲಿ ಕಾಚಂಪುಳಿಯನ್ನೂ ಕೊಟ್ಟು ಕಳಿಸಿದರು. ಹೂ ಸಮೇತ ತೆಗೆದ ಫೋಟೋಗೆ ಆ್ಯಪ್ ಈ ಸಲ ತಡವರಿಸದೆ ಫೈಸೋಸ್ಟೀಜಿಯಾ ಎಂದಿತು. ನಂಬದೆ, ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಸಹೋದ್ಯೋಗಿಗೆ ಬಸ್ಸಿನಿಂದಲೇ ಕಳಿಸಿದೆ. ಸರಿಯಾಗಿದೆ, ಅಮೆರಿಕದ ಕಡೆಯ ಗಿಡ, ಹೂದಾನಿಗೆಂದೇ ಬೆಳೆಸುತ್ತಾರೆ, ಹೂ ತಿರುಗಿಸಿದ ಕಡೆ ನಿಲ್ಲುವುದೇ ಅದರ ಗುರುತು, ತುಳಸಿಯ ಕುಟುಂಬಕ್ಕೆ ಸೇರಿದ್ದು ಎಂದು ಉತ್ತರ ಬಂತು. ನಾಲ್ಕು ಮೂಲೆಯ ಕಡ್ಡಿ ನೋಡಿದಾಗಲೇ ಹೊಳೆಯಬೇಕಿತ್ತಂತೆ. ಟೇಬಲ್ ಹೂ ತುಳಸಿಯ ನೆಂಟರು ಎಂದು ತಿಳಿದಿದ್ದರೆ ಅಜ್ಜಿ ಅದಕ್ಕೂ ಒಂದು ಚೊಂಬು ನೀರು ಹಾಕುತ್ತಿದ್ದರೇನೋ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯಾರಿಗೆಲ್ಲ ಋಣಿಯಾಗಬೇಕೆಂದು ಯೋಚಿಸಿದೆ. ನೆರಳಿನಲ್ಲಿ ಹೂ ಬಿಡದಿದ್ದರೂ ಕಿತ್ತೆಸೆಯದ ಚಿಕ್ಕಮ್ಮನಿಗೆ. ಹೆಸರು ಗೊತ್ತಿಲ್ಲದೆ, ತಿರುಗುತ್ತದೆ ಎಂಬುದೂ ಗೊತ್ತಿಲ್ಲದೆ, ರೈಟರ್ ಮನೆ ಹೂ ಎಂಬ ಒಂದೇ ಕಾರಣಕ್ಕೆ ಉಳಿಸಿಕೊಂಡ ಆಂಟಿಗೆ. ಗಿಡಕ್ಕೆ ಕೊಟ್ಟವರ ಹೆಸರಿಡುವ ಈ ಹೆಂಗಸರ ಅಭ್ಯಾಸಕ್ಕೆ. ಅದರಿಂದಲೇ ನಾನು ಇಷ್ಟು ವರ್ಷ ದಾರಿ ತಪ್ಪಿದ್ದು, ಅದರಿಂದಲೇ ಹುದಿಕೇರಿ ಮುಟ್ಟಿದ್ದು. ನನ್ನ ನೆನಪು ಸುಳ್ಳಲ್ಲ ಎಂಬುದೊಂದೇ ಮನಸ್ಸಿನಲ್ಲಿ ತುಂಬಿತ್ತು. ಅಮ್ಮ ಹೂ ತಿರುಗಿಸುತ್ತಿದ್ದಳು.

ಮಡಿಕೇರಿಗೆ ಹೋಗಬೇಕಿದ್ದವಳು ನೇರ ಕುಶಾಲನಗರಕ್ಕೆ ಹೋದೆ. ಸಂಜೆಯಾಗಿತ್ತು. ಹಿತ್ತಲಿನಲ್ಲಿ ಇಂಟರ್‌ಲಾಕ್ ಮೇಲೆ ಕಾರು ನಿಂತಿತ್ತು. ಅದರ ಬದಿಯಲ್ಲಿ ಚಿಕ್ಕಮ್ಮ ಹಳೆಯ ಎಣ್ಣೆ ಡಬ್ಬಗಳನ್ನು ಸಾಲಾಗಿ ಇಟ್ಟು ಉಳಿದದ್ದನ್ನೆಲ್ಲ ಅವುಗಳಲ್ಲಿ ನೆಟ್ಟಿದ್ದಳು. ಹೂ ನೋಡಿ ಮುಖ ಅರಳಿತು.

"ಹುದಿಕೇರಿಂದಾ? ಅಯ್ಯೋ, ಎಷ್ಟು ಕಾಲ ಆಯ್ತೇ ಇದನ್ನ ನೋಡಿ! ಕೊಡಿಲ್ಲಿ. ಬಾಡೋಗ್ತಾವೆ."

ಅವಳು ಸ್ಟೀಲ್ ಚೊಂಬಿಗೆ ನೀರು ತುಂಬಿದಳು. ಕಡ್ಡಿಗಳ ತುದಿಯನ್ನು ಓರೆಯಾಗಿ ಕತ್ತರಿಸಿದಳು, ಕೆಳಗಿನ ಎಲೆ ಕಿತ್ತಳು, ಒಂದೊಂದಾಗಿ ಇಟ್ಟಳು. ನಾನು ಆಂಟಿಯ ಸುದ್ದಿ, ಎರಡು ಹೆಸರಿನ ಕಥೆ ಹೇಳುತ್ತಿದ್ದೆ. ಅವಳು ನಗುತ್ತಾ ಕೇಳುತ್ತಿದ್ದಳು, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಚೊಂಬನ್ನು ನಡುಮನೆಯ ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಆಮೇಲೆ ಬಗ್ಗಿ, ತೋರುಬೆರಳಿನ ತುದಿಯಿಂದ, ಗೋಡೆಯ ಕಡೆಗಿದ್ದ ಹೂಗಳನ್ನು ಒಂದೊಂದಾಗಿ ಬಾಗಿಲ ಕಡೆಗೆ ತಿರುಗಿಸತೊಡಗಿದಳು. ಬಳೆಗಳು ಮೇಜಿಗೆ ತಾಗಿ ಸದ್ದಾಯಿತು.

"ಬಂದೋರಿಗೆ ಬೆನ್ನು ತೋರಿಸ್ಬಾರ್ದು" ಅಂದಳು.

ನಾನು ಅವಳ ಕೈಯನ್ನೇ ನೋಡಿದೆ.

ನನ್ನ ನೆನಪಿನಲ್ಲಿ ಕೈಯಿದೆ, ಬಳೆಯಿದೆ, ಮಾತಿದೆ. ಮುಖವಿದೆಯೇ? ಅಮ್ಮನ ಮುಖ ಎಂದು ನಾನು ಅಲ್ಲಿ ಕಾಣುವುದು ಗೋಡೆಯ ಫೋಟೋದ ಮುಖ. ಅದೇ ಸೀರೆ, ಅದೇ ಓರೆನೋಟ. ಹಾಸ್ಟೆಲಿನ ಬಟ್ಟೆಯನ್ನು ಆ ಮೇಜಿನ ಮೇಲೆ ಹಾಸಿದ ನೆನಪು, ಫೋಟೋದ ಮುಖವನ್ನೂ ತಂದು ಆ ಕೈಗೆ ಜೋಡಿಸಿರಬಹುದಲ್ಲ? ಮೇಜಿನ ಎತ್ತರಕ್ಕಿರುವ ಮಗುವಿಗೆ ಕಾಣುವುದು ಕೈ ಮಾತ್ರ. ಆ ಮನೆಯಲ್ಲಿ ಬಳೆ ತೊಟ್ಟ ಕೈಗಳು ಇಬ್ಬರವಿದ್ದವು. ತಂಗಿ ಅಕ್ಕನಿಂದ ಕಲಿತಿರಬಹುದು, ಮಾತನ್ನೂ ಸೇರಿಸಿ. ಅಕ್ಕ ತಂಗಿಯಿಂದಲೂ ಕಲಿತಿರಬಹುದು.

ಹೂ ಸಿಕ್ಕಿದರೆ ಅಮ್ಮ ಸಿಗುತ್ತಾಳೆ ಎಂದುಕೊಂಡಿದ್ದೆ. ಹೂವೇನೋ ಸಿಕ್ಕಿತು. ಅವತ್ತು ನನಗೆ ಭಯವಾಗಬೇಕಿತ್ತು. ವಿಚಿತ್ರವೆಂದರೆ ಆಗಲಿಲ್ಲ. ತಾಯಿಯಿಲ್ಲದ ಹುಡುಗಿಗೆ ಜಡೆ ಹಾಕಿದ ಕೈ ನನ್ನೆದುರಿಗೇ ಇತ್ತು, ನನಗಾಗಿ ಹೂ ತಿರುಗಿಸುತ್ತಿತ್ತು. ಇಷ್ಟು ವರ್ಷ ಒಬ್ಬಳಿಗೆ ಮಾತ್ರ ಸಲ್ಲಿಸಿದ ಕೃತಜ್ಞತೆಯಲ್ಲಿ ಇವಳ ಪಾಲೂ ಇದ್ದಿರಬಹುದು ಅನ್ನಿಸಿತು. ಆದರೂ ಕೇಳದೆ ಇರಲು ಆಗಲಿಲ್ಲ. ಇಷ್ಟು ದಿನ ಯಾವ ಉತ್ತರಕ್ಕೆ ಹೆದರಿ ಬಾಯಿ ಕಟ್ಟಿಕೊಂಡಿದ್ದೆನೋ ಆ ಪ್ರಶ್ನೆಯನ್ನು ಅಲ್ಲೇ, ಮೇಜಿನ ಪಕ್ಕ ನಿಂತು, ಕೇಳಿಬಿಟ್ಟೆ.

ಚಿಕ್ಕಮ್ಮನ ಬೆರಳು ಒಂದು ಹೂವಿನ ಮೇಲೆ ನಿಂತಿತು. ಅವಳು ನನ್ನನ್ನು ನೋಡಲಿಲ್ಲ. ಆ ಹೂವನ್ನು ಬಾಗಿಲ ಕಡೆಗೆ ತಿರುಗಿಸುವ ಬದಲು ನನ್ನ ಕಡೆಗೆ ತಿರುಗಿಸಿ, "ನೀರು ಸಾಲ್ದು, ಇನ್ನೊಂದ್ಚೂರು ತರ್ತೀನಿ" ಎಂದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ ಊಟ, ಆಮೇಲೆ ಚಿಕ್ಕಪ್ಪನ ಮಾತ್ರೆ, ಬೆಳಗ್ಗೆ ನನ್ನ ಬಸ್ಸು. ಅಂದಿನಿಂದ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ. ಮಡಿಕೇರಿಯ ಗಿಡ ಹೂ ಬಿಟ್ಟಿತೇ ಎಂದು ಅವಳು ಕೇಳುತ್ತಾಳೆ. ನಾನು ಕೇಳಿದ್ದಕ್ಕೆ ಮಾತ್ರ ಇನ್ನೂ ಏನೂ ಹೇಳಿಲ್ಲ.

ಕೇಳಿದ್ದು ಇಷ್ಟೇ: "ಚಿಕ್ಕಮ್ಮ, ಆ ಕ್ವಾರ್ಟರ್ಸಲ್ಲಿ ಹೂ ತಿರುಗಿಸ್ತಿದ್ದದ್ದು ಅಮ್ಮನಾ, ನೀನಾ?"